ಮೈಸೂರೂ ಬೆಂಗಳೂರೂ: ಒಂದು ಸಂಸ್ಥಾನದ ಎರಡು ನಗರಗಳು

ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ಊರಿಗೆ ಅನೇಕ ಹೆಸರುಗಳನ್ನು ಹೇಳಿರುವನು. ಪುರ, ನಗರಿ, ಪತ್ತನ, ನಿಗಮ ಎಂಬಿವುಗಳ ನಡುವೆ ಪುಟಭೇದನವೆಂಬುದೂ ಒಂದು. ವ್ಯಾಪಾರದ ಗಂಟುಮೂಟೆಗಳನ್ನು ಎಲ್ಲಿ ಬಿಚ್ಚುವರೋ ಅದು ಪುಟಭೇದನವೆಂದು ಪಾಠಶಾಲೆಗಳಲ್ಲಿ ಅರ್ಥ ಹೇಳುವ ವಾಡಿಕೆಯುಂಟು. ಅದೇ ವರ್ಗದಲ್ಲಿ ಮೂಲನಗರವೆಂದೂ ಶಾಖಾನಗರವೆಂದೂ ಇನ್ನೊಂದು ಭೇದವು ಬರುತ್ತದೆ. ಮೈಸೂರು ಸಂಸ್ಥಾನದ ಎರಡು ದೊಡ್ಡ ನಗರಗಳನ್ನು ಈ ಹೆಸರುಗಳ ಎದುರಿಗೆ ನಿಲ್ಲಿಸಿದರೆ ಬೆಂಗಳೂರು ಪುಟಭೇದನವೆಂಬುದು ಕೂಡಲೇ ನಿಶ್ಚಯವಾಗುವುದು. ಆದರೆ ಮೂಲ ಯಾವುದು, ಶಾಖೆ ಯಾವುದು ಎಂದರೆ ಉತ್ತರವು ಅಷ್ಟು ಸುಲಭವಲ್ಲ. ಮೈಸೂರಿನವರೊಂದು ಹೇಳುವರು, ಬೆಂಗಳೂರಿನವರೊಂದು ಹೇಳುವರು; ಇಬ್ಬರ ಮಾತಿಗೂ ಆಧಾರವಿಲ್ಲದೆ ಇಲ್ಲ.

ಎರಡು ನಗರಗಳಿಗೂ ಇರುವ ಅಂತರ ಸುಮಾರು 86 ಮೈಲಿ. 1901ನೆಯ ಇಸವಿಯ ಖಾನೇಷುಮಾರಿಯಲ್ಲಿ ಮೈಸೂರಿನ ಜನಸಂಖ್ಯೆ 68,111, ಬೆಂಗಳೂರಿನದು 1,59,046. ಮೇಲುನೋಟಕ್ಕೆ ಒಂದು ಇನ್ನೊಂದರ ಎರಡರಷ್ಟಕ್ಕಿಂತಲೂ ದೊಡ್ಡದು. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಂಗಳೂರಿನ ಆ ಸಂಖ್ಯೆಯಲ್ಲಿ 89,599 ಮಂದಿ ಬ್ರಿಟಿಷರ ಆಡಳಿತಕ್ಕೆ ಸೇರಿದ್ದ ದಂಡಿನವರು. ಕೆಂಪೇಗೌಡನ ಹಳೆಯ ಪೇಟೆಯನ್ನೊಳಗೊಂಡ ನಗರದವರು 69,447 ಮಂದಿ ಮಾತ್ರ. ಎಂದರೆ, ದಂಡನ್ನು ಕಳೆದರೆ ಬೆಂಗಳೂರೂ ಮೈಸೂರೂ ಹೆಚ್ಚುಕಡಿಮೆ ಒಂದೇ ಅಳತೆಯ ಊರುಗಳು. ಒಂದನ್ನು ದೊಡ್ಡದನ್ನಾಗಿಯೂ ಮತ್ತೊಂದನ್ನು ಚಿಕ್ಕದನ್ನಾಗಿಯೂ ಮಾಡಿದ್ದು ಮಣ್ಣಿನ ಗುಣವಲ್ಲ, ಜನರ ಉದ್ಯಮದ ತಾರತಮ್ಯವೂ ಅಲ್ಲ. ಅದು ರಾಜಕಾರಣದ ಫಲ. ಆ ಕಥೆಯು ಈ ಎರಡು ಊರುಗಳಲ್ಲಿ ಯಾವುದರಲ್ಲಿಯೂ ಪ್ರಾರಂಭವಾಗದೆ ಶ್ರೀರಂಗಪಟ್ಟಣದಲ್ಲಿ ಪ್ರಾರಂಭವಾಗುತ್ತದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಸುಮಾರು ಇನ್ನೂರು ವರ್ಷ ಅದೇ ರಾಜಧಾನಿ. ಒಡೆಯರ ಮೂಲಸ್ಥಾನವಾದ ಮೈಸೂರು ಆ ಕಾಲದಲ್ಲಿ ಹಿಂದೆ ಬಿದ್ದಿತು. ಟಿಪ್ಪು ಸುಲ್ತಾನನು ಅಲ್ಲಿಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಹತ್ತಿರದಲ್ಲಿಯೇ ನಜರಬಾದೆಂಬ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನು ಮಡಿದ ತರುವಾಯ ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಪಟ್ಟಕ್ಕೆ ಅರಮನೆಯೇ ಇರಲಿಲ್ಲವಾದ್ದರಿಂದ ಚಪ್ಪರವನ್ನು ಹಾಕಬೇಕಾಯಿತು. ಅನಂತರ ನಜರಬಾದಿಗೆ ಹೋಗಿದ್ದ ಕಲ್ಲುಗಳೇ ತಿರುಗಿ ಬಂದು ಮೈಸೂರಿನ ಕೋಟೆಗೂ ಅರಮನೆಗೂ ಸೇರಿದವು. ಕಲ್ಲುಗಳ ಈ ಹೋಗಿಬರುವಿಕೆಯಲ್ಲಿ ಎಷ್ಟು ಒಕ್ಕಲುಗಳು ಎದ್ದವೋ, ಎಷ್ಟು ಕುಳಿತವೋ, ಅದನ್ನು ಯಾರೂ ಬರೆದಿಡಲಿಲ್ಲ.

ಸಿಂಹಾಸನವು ಹೀಗೆ ಮೈಸೂರಿಗೆ ಬಂದಿತು. ಸೈನ್ಯವು ಮಾತ್ರ ಇನ್ನೂ ಹತ್ತು ವರ್ಷ ಶ್ರೀರಂಗಪಟ್ಟಣದಲ್ಲಿಯೇ ನಿಂತಿತು. ಕಾವೇರಿಯ ಆ ದ್ವೀಪದ ಚಳಿಜ್ವರವು ಬಿಳಿಯ ಸಿಪಾಯಿಗಳನ್ನು ಯುದ್ಧಕ್ಕಿಂತ ಹೆಚ್ಚಾಗಿ ಕೊಲ್ಲುತ್ತಿದ್ದುದರಿಂದ 1809ರಲ್ಲಿ ಅದನ್ನು ಮೂರು ಸಾವಿರ ಅಡಿಗಳ ಎತ್ತರದಲ್ಲಿರುವ ಬೆಂಗಳೂರಿಗೆ ಸಾಗಿಸಿದರು. ಹಳೆಯ ರಾಜಧಾನಿಯ ಆಸ್ತಿಯು ಇಬ್ಬರು ದಾಯಾದಿಗಳಿಗೆ ಹಂಚಿಹೋದಂತಾಯಿತು: ಒಬ್ಬನಿಗೆ ಗದ್ದುಗೆ, ಇನ್ನೊಬ್ಬನಿಗೆ ಕತ್ತಿ.

ಬೆಂಗಳೂರು ಅದುವರೆಗೆ ಏನೂ ಅಲ್ಲದ ಊರಾಗಿರಲಿಲ್ಲ. 1537ರ ಸುಮಾರಿಗೆ ಯಲಹಂಕದ ಕೆಂಪೇಗೌಡನು ಹಾಕಿಸಿದ ಪೇಟೆಯ ಬೀದಿಗಳ ಹೆಸರುಗಳನ್ನು ಓದಿದರೆ ಸಾಕು, ಆ ಊರಿನ ಸ್ವಭಾವ ತಿಳಿಯುವುದು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಇವುಗಳಲ್ಲಿ ದೊರೆಯ ಹೆಸರಿಗಿಂತ ಸರಕಿನ ಹೆಸರೂ ಕಸುಬಿನ ಹೆಸರೂ ಹೆಚ್ಚು. ದೊರೆಗಳು ಬದಲಾಗುತ್ತಲೇ ಇದ್ದರು. 1638ರಲ್ಲಿ ಬಿಜಾಪುರದವರು ಬಂದರು, ಷಹಾಜಿಗೆ ಅದು ಜಹಗೀರಾಯಿತು, ಮೊಗಲರು ಬಂದರು, ಅವರಿಂದ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಊರನ್ನು ಪಡೆದರು, 1791ರಲ್ಲಿ ಕಾರ್ನ್‌ವಾಲಿಸನು ಪೇಟೆಯನ್ನೂ ಕೋಟೆಯನ್ನೂ ಹಿಡಿದನು. ಇಷ್ಟಾದರೂ ಅಕ್ಕಿಪೇಟೆಯಲ್ಲಿ ಅಕ್ಕಿಯೂ ಬಳೇಪೇಟೆಯಲ್ಲಿ ಬಳೆಯೂ ಮಾರುತ್ತಲೇ ಇದ್ದವು. ಮೈಸೂರು ಹಾಗಲ್ಲ. ಅಲ್ಲಿ ಅರಮನೆಯು ನಡುವೆ ನಿಂತು ಬೀದಿಗಳು ಅದರ ಕಡೆಗೆ ಮುಖ ಮಾಡಿವೆ. ಅರಮನೆಯ ಉಸಿರು ತಗ್ಗಿದರೆ ಊರಿನ ಉಸಿರೂ ತಗ್ಗುತ್ತಿತ್ತು.

ಅದು ನಿಜವಾಗಿಯೂ ತಗ್ಗಿದ್ದು 1831ರಲ್ಲಿ. ನಗರ ಪ್ರಾಂತದ ರೈತರ ದಂಗೆಯನ್ನು ನೆಪಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕನು ಮಹಾರಾಜರ ಕೈಯಿಂದ ಆಡಳಿತವನ್ನು ತೆಗೆದುಕೊಂಡು ಕಮಿಷನರುಗಳಿಗೆ ಒಪ್ಪಿಸಿದನು. ಕಛೇರಿಗಳು ಬೆಂಗಳೂರಿನ ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಕುಳಿತವು. ಮಹಾರಾಜರು ಮೈಸೂರಿನಲ್ಲಿಯೇ ಉಳಿದರು. ಪಾದುಕೆಗಳು ಸಿಂಹಾಸನದ ಮೇಲಿದ್ದು ರಾಜ್ಯವು ನಂದಿಗ್ರಾಮದಿಂದ ನಡೆದ ವೃತ್ತಾಂತವನ್ನು ರಾಮಾಯಣದಲ್ಲಿ ಎಲ್ಲರೂ ಕೇಳಿರುವರು; ಆದರೆ ಇಲ್ಲಿ ನಂದಿಗ್ರಾಮದಲ್ಲಿದ್ದವನು ಭರತನಲ್ಲ, ರಾಜ್ಯವನ್ನು ಹಿಂದಕ್ಕೆ ಕೊಡುವ ಆತುರವೂ ಅವನಿಗಿರಲಿಲ್ಲ. ಕೊಡುವುದಕ್ಕೆ 50 ವರ್ಷಗಳು ಹಿಡಿದವು.

ಈ 50 ವರ್ಷಗಳಲ್ಲಿ ಎರಡು ಬಗೆಯ ಗೃಹಸ್ಥರು ಹುಟ್ಟಿಕೊಂಡರು. ಮೈಸೂರಿನ ಗೃಹಸ್ಥನು ಅರಮನೆಯ ಆಶ್ರಿತನು. ಪಂಡಿತನೋ, ವೈಣಿಕನೋ, ಚಿತ್ರಗಾರನೋ, ದಂತದ ಕೆಲಸದವನೋ, ಊಳಿಗದವನೋ. ರಾಜ್ಯಾಧಿಕಾರವಿಲ್ಲದ ದೊರೆಗೆ ವಿದ್ಯೆಯೇ ರಾಜ್ಯವಾಯಿತು. ಶ್ರೀತತ್ತ್ವನಿಧಿಯಂತಹ ಸಚಿತ್ರಗ್ರಂಥವು ಮುಮ್ಮಡಿ ಕೃಷ್ಣರಾಜರ ಆಸ್ಥಾನದ ಫಲ. ಬೆಂಗಳೂರಿನ ಗೃಹಸ್ಥನಾದರೋ ಕಛೇರಿಯ ಗುಮಾಸ್ತನು, ಇಲ್ಲವೆ ಅಂಗಡಿಯ ಯಜಮಾನನು. ಆಶ್ರಿತನಿಗೆ ಸನ್ಮಾನ ಸಿಕ್ಕಿತು, ನಿಶ್ಚಯವಾದ ತಾರೀಖು ಸಿಕ್ಕಲಿಲ್ಲ. ಗುಮಾಸ್ತನಿಗೆ ತಾರೀಖು ಸಿಕ್ಕಿತು, ಶಾಲು ಸಿಕ್ಕಲಿಲ್ಲ. ಯಾರು ಸುಖಿಗಳೆಂಬುದನ್ನು ಅವರವರ ಮನೆಯ ಹೆಂಗಸರನ್ನು ಕೇಳಿದ್ದರೆ ಸರಿಯಾದ ಉತ್ತರ ಬರುತ್ತಿತ್ತು.

1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಕಛೇರಿಗಳು ಮಾತ್ರ ಮೈಸೂರಿಗೆ ಹಿಂದಿರುಗಲಿಲ್ಲ. 1864ರಿಂದ ಮದರಾಸಿನ ಕಡೆಯ ರೈಲು ಬೆಂಗಳೂರಿಗೆ ಬರುತ್ತಿದ್ದಿತು. 1868ರಲ್ಲಿ ಅಠಾರ ಕಛೇರಿಯ ಕೆಂಪು ಕಟ್ಟಡವೂ ಎದ್ದಿದ್ದಿತು. ಇವುಗಳನ್ನು ಬಿಟ್ಟುಹೋಗಲು ಯಾವ ದಿವಾನರಿಗೂ ಮನಸ್ಸಾಗಲಿಲ್ಲ. ದಂಡಿನ ಪ್ರದೇಶವನ್ನು ಬ್ರಿಟಿಷರು ತಮಗೇ ಇಟ್ಟುಕೊಂಡರು. ಅದಕ್ಕೆ ಬದಲಾಗಿ ಅವರು ಬಿಟ್ಟುಕೊಟ್ಟದ್ದು ಶ್ರೀರಂಗಪಟ್ಟಣದ ದ್ವೀಪವನ್ನು! ಹಾಳುಬಿದ್ದ ರಾಜಧಾನಿಯು ತೂಕಕ್ಕೆ ಹಾಕುವ ಕಲ್ಲಾಯಿತು. ಅಲ್ಲಿಂದ 1947ರವರೆಗೆ ಬೆಂಗಳೂರಿನವನು ಒಂದು ರಸ್ತೆಯನ್ನು ದಾಟಿದರೆ ಇನ್ನೊಂದು ಸರಕಾರದ ಕೆಳಗೆ ಇರುತ್ತಿದ್ದನು. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷು. ಸಂಸ್ಥಾನದ ಅತ್ಯಂತ ದೊಡ್ಡ ನಗರದಲ್ಲಿಯೇ ಸಂಸ್ಥಾನದ ನುಡಿಯು ಅರ್ಧ ಊರಿನಲ್ಲಿ ಅತಿಥಿಯಾಗಿದ್ದಿತು. ಮೈಸೂರಿನಲ್ಲಿ ಈ ಸಂಕಟವು ತಲೆದೋರಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಕ್ರಮವು ತಿರುಗುಮುರುಗಾಗುತ್ತಿತ್ತು. ಕ್ಷಾಮಕಾಲದಲ್ಲಿ ಬಡವರಿಗೆ ಕೂಲಿ ಒದಗಿಸಲೆಂದು ಆರಂಭಿಸಿದ ರೈಲುದಾರಿಯು 1882ರಲ್ಲಿ ಮೈಸೂರನ್ನು ಮುಟ್ಟಿತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು; ಮೊದಲ ಸಭೆಗೆ 144 ಮಂದಿ ಪ್ರತಿನಿಧಿಗಳು ಬಂದಿದ್ದರು. ಆಗ ದಿವಾನರೂ ಅಧಿಕಾರಿಗಳೂ ಮೈಸೂರಿಗೆ ಇಳಿಯುವರು. ಬಾಡಿಗೆಯ ಮನೆಗಳು ತುಂಬುವುವು. ಬೀದಿಗಳು ದೀಪಗಳಿಂದ ಬೆಳಗುವುವು. ವಿಜಯದಶಮಿಯು ಕಳೆದು ಸಭೆಯು ಮುಗಿದರೆ ಅಧಿಕಾರವು ಮತ್ತೆ ರೈಲನ್ನೇರಿ ಬೆಂಗಳೂರಿಗೆ ಹೊರಟುಹೋಗುವುದು. ಹಬ್ಬದ ಮಾರನೆಯ ದಿನದ ಮೌನವನ್ನು ಮೈಸೂರು ಬಲ್ಲಷ್ಟು ಚೆನ್ನಾಗಿ ಬೇರೆ ಯಾವ ಊರೂ ಅರಿಯದು.

ಬೆಂಗಳೂರಿನ ದೊಡ್ಡ ಹಬ್ಬವೋ ಬೇರೆ ಜಾತಿಯದು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗಕ್ಕೆ ಯಾವ ದೊರೆಯ ಅಪ್ಪಣೆಯೂ ಬೇಕಿಲ್ಲ. ಹೂವಿನ ಕರಗವನ್ನು ಹೊರುವವನು ತೋಟಗಾರಿಕೆಯ ತಿಗಳರ ಕುಲದವನು. ಅದು ಪೇಟೆಯ ಗಲ್ಲಿಗಳನ್ನು ಸುತ್ತುತ್ತಾ ತವಕ್ಕಲ್ ಮಸ್ತಾನರ ದರ್ಗಾದ ಬಾಗಿಲಿಗೂ ಹೋಗಿಬರುವುದು. ಮೈಸೂರಿನಲ್ಲಿ ಜನರು ಮೆರವಣಿಗೆಯನ್ನು ನೋಡುವರು. ಬೆಂಗಳೂರಿನ ಪೇಟೆಯಲ್ಲಿ ಮೆರವಣಿಗೆಯೇ ಜನರ ಮನೆಬಾಗಿಲಿಗೆ ಬರುವುದು.

ಎರಡು ಊರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಪ್ಲೇಗು. 1898ರ ಆಗಸ್ಟಿನಲ್ಲಿ ಆ ಮಾರಿಯು ಹುಬ್ಬಳ್ಳಿಯ ಕಡೆಯಿಂದ ರೈಲಿನ ಹಾದಿ ಹಿಡಿದು ಬೆಂಗಳೂರಿಗೆ ಬಂದಿತು. ಮೈಸೂರಿಗೆ ಹರಡಲು ಬಹಳ ಕಾಲ ಬೇಕಾಗಲಿಲ್ಲ. ಪುಟಭೇದನದ ಗುಣವೇ ಇಲ್ಲಿ ದೋಷವಾಯಿತು. ಮೂಟೆಗಳು ಬಿಚ್ಚುವಲ್ಲಿ ಇಲಿಗಳಿಗೂ ಸುಭಿಕ್ಷ. 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ 21,000ಕ್ಕೂ ಹೆಚ್ಚು ಕುಗ್ಗಿತು. ಮೈಸೂರಿನಲ್ಲಿ 74,048 ಇದ್ದದ್ದು ಸುಮಾರು 6,000 ಇಳಿಯಿತು. ಇಷ್ಟು ಮಂದಿಯೂ ಸತ್ತರೆಂದು ವಾಚಕರು ತಿಳಿಯಬಾರದು. ಮನೆಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರೂ ಹಳ್ಳಿಗಳಿಗೆ ಓಡಿದವರೂ ಅನೇಕರು. ಆದರೂ ಬಾಗಿಲು ಮುಚ್ಚಿದ ಮನೆಗಳ ಸಾಲು ಎರಡು ನಗರಗಳಲ್ಲಿಯೂ ಇದ್ದಿತು.

ಈ ಭಯದಿಂದಲೇ ಎರಡು ಊರುಗಳೂ ಹೊಸ ರೂಪವನ್ನು ತಾಳಿದವು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು: ನೇರವಾದ ಅಗಲ ಬೀದಿ, ಮನೆಯ ಸುತ್ತ ಬಯಲು, ಹಿತ್ತಲ ಹಿಂದೆ ಜಾಡಮಾಲಿಗಳು ಓಡಾಡುವ ಓಣಿ. ಅಲ್ಲಿಗೆ ಮೊದಲು ಹೋದವರು ಸಂಬಳದಾರರು. ಪೇಟೆಯ ವರ್ತಕನು ಅಂಗಡಿಯನ್ನು ಬಿಟ್ಟು ದೂರ ಹೋಗಲಾರನು. ಹೀಗಾಗಿ ಗುಮಾಸ್ತನಿಗೂ ವರ್ತಕನಿಗೂ ಅದುವರೆಗೆ ಇದ್ದ ನೆರೆಹೊರೆಯು ತಪ್ಪಿತು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡನ್ನು ನೇಮಿಸಿದರು. ಹಿಂದೂದೇಶದಲ್ಲಿಯೇ ಅಂತಹ ಮೊದಮೊದಲ ಸಂಸ್ಥೆಗಳಲ್ಲಿ ಅದೊಂದು. ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಗಿತ್ತು. ಹೆನ್ರಿ ಅರ್ವಿನ್ನನ ನಕ್ಷೆಯಂತೆ 1912ರ ಹೊತ್ತಿಗೆ ಹೊಸ ಅರಮನೆಯು ಮುಗಿದಾಗ ಖರ್ಚು 41 ಲಕ್ಷ ರೂಪಾಯಿಗಳನ್ನು ಮೀರಿದ್ದಿತು. ಮಾರಿಯ ವರ್ಷಗಳಲ್ಲಿ ಇಷ್ಟು ಹಣವನ್ನು ಕಲ್ಲುಗಾಜುಗಳಿಗೆ ಸುರಿಯಬಹುದೇ ಎಂಬ ಪ್ರಶ್ನೆಯು ಅನ್ಯಾಯವಾದುದಲ್ಲ. ಆದರೆ ಕಲ್ಲುಕುಟಿಗರಿಗೂ ಮರಗೆಲಸದವರಿಗೂ ಹದಿನೈದು ವರ್ಷ ಅನ್ನವಾದುದು ಆ ಹಣವೇ. ಅರಮನೆಯ ಊರಿನಲ್ಲಿ ವಿಲಾಸವನ್ನೂ ಅನ್ನವನ್ನೂ ಬೇರೆಮಾಡುವುದು ಕಷ್ಟ.

ನೀರಿನ ವಿಷಯದಲ್ಲಿ ಬೆಂಗಳೂರು ದರಿದ್ರವೇ ಸರಿ. ನದಿಯಿಲ್ಲದ ಊರು ಕೆರೆಗಳನ್ನು ನಂಬಿ ಬಾಳಿತು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಕೊಳವೆ ಬಂದ ಮೇಲೆ ಕೆರೆಗಳನ್ನು ಯಾರು ನೋಡುವರು? ಧರ್ಮಾಂಬುಧಿಯಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಆಟದ ಬಯಲಿದೆ. ಮೈಸೂರಿಗೆ ಕಾವೇರಿಯು ಹತ್ತಿರವಿದ್ದರೂ ತಗ್ಗಿನಲ್ಲಿರುವಳು. ಕಾಲುವೆಯಿಂದ ಅವಳನ್ನು ಊರಿಗೆ ತರುವ ಪೂರ್ಣಯ್ಯನವರ ಯತ್ನವು ಫಲಿಸದೆ ಪೂರ್ಣಯ್ಯನ ನಾಲೆಯೆಂಬ ಹೆಸರು ಮಾತ್ರ ಉಳಿಯಿತು. ಅದೇ ಕಾವೇರಿಯ ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ, 1908ರಲ್ಲಿ ಮೈಸೂರಿಗೂ ಮುಟ್ಟಿತು. ಚಿನ್ನಕ್ಕೆ ಮೊದಲು, ಕಛೇರಿಗೆ ಅನಂತರ, ಸಿಂಹಾಸನಕ್ಕೆ ಕೊನೆಗೆ! 1974ರಿಂದ ಕಾವೇರಿಯ ನೀರನ್ನೂ ಯಂತ್ರಬಲದಿಂದ ಮೇಲೆತ್ತಿ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಸಾಗಿಸುತ್ತಿದ್ದಾರೆ.

ವಿದ್ಯೆಯಲ್ಲಿ ಮಾತ್ರ ಮೈಸೂರು ಬಹುಕಾಲ ಯಾರಿಗೂ ತಲೆಬಾಗಲಿಲ್ಲ. 1876ರ ಸಂಸ್ಕೃತ ಪಾಠಶಾಲೆ, 1891ರ ಪ್ರಾಚ್ಯ ಪುಸ್ತಕಭಂಡಾರ ಅಲ್ಲಿಯವು; ಈ ಭಂಡಾರದ ಓಲೆಗರಿಗಳಿಂದಲೇ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತೆಗೆದು 1909ರಲ್ಲಿ ಲೋಕಕ್ಕೆ ಕೊಟ್ಟರು. 1916ರಲ್ಲಿ ವಿಶ್ವವಿದ್ಯಾನಿಲಯವೂ ಅಲ್ಲಿಯೇ ನೆಲಸಿತು. ಆದರೆ ಅದರ ವಿಜ್ಞಾನವೂ ಇಂಜಿನಿಯರಿಂಗೂ ಬೆಂಗಳೂರಿಗೆ ಹೋದವು. ಅದಕ್ಕೂ ಒಂದು ವರ್ಷ ಹಿಂದೆ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದೂ ಬೆಂಗಳೂರಿನಲ್ಲಿ. ಹೊಸಗನ್ನಡದ ಬರಹವೂ ಇದಕ್ಕೆ ತಕ್ಕಂತೆ ಎರಡು ಮನೆಗಳಲ್ಲಿ ಬೆಳೆಯಿತು. ಕುವೆಂಪು ಮೈಸೂರಿನ ಕಾಲೇಜಿನ ಅಧ್ಯಾಪಕರು. ಮಾಸ್ತಿ ಸರಕಾರದ ಅಧಿಕಾರಿಗಳು, ಡಿ.ವಿ.ಜಿ. ಪತ್ರಿಕೋದ್ಯೋಗಿಗಳು, ಇಬ್ಬರೂ ಬೆಂಗಳೂರಿನವರಾದರು. ಬಿ.ಎಂ. ಶ್ರೀಕಂಠಯ್ಯನವರು ಎರಡು ಊರುಗಳಲ್ಲಿಯೂ ಪಾಠ ಹೇಳಿದರು.

ಹೆಸರು ಮೈಸೂರಿನದು, ವಾಸ ಬೆಂಗಳೂರಿನಲ್ಲಿ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. 1913ರ ಮೈಸೂರು ಬ್ಯಾಂಕು ಬೆಂಗಳೂರಿನಲ್ಲಿ ಹುಟ್ಟಿತು. ಮೈಸೂರಿನಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಳಿಸಿದರೂ, ಮೈಸೂರು ಸ್ಯಾಂಡಲ್ ಸಾಬೂನು ಗಟ್ಟಿಯಾದುದು ಬೆಂಗಳೂರಿನಲ್ಲಿ. 1940ರಲ್ಲಿ ವಿಮಾನದ ಕಾರ್ಖಾನೆಯು ಬಂದ ಮೇಲೆ ಸ್ಪರ್ಧೆಯೇ ಮುಗಿಯಿತೆನ್ನಬೇಕು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಅವರ ಆಶ್ರಯದಲ್ಲಿದ್ದ ಚಿತ್ರಕಾರ ವೆಂಕಟಪ್ಪನವರು ಅನಂತರ ಬೆಂಗಳೂರಿನಲ್ಲಿ ನೆಲಸಿದರು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಕೆಳಗೆ ಸೇರಿದವು. ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಆಕಾಶವಾಣಿಯೂ 1955ರಲ್ಲಿ ಬೆಂಗಳೂರಿಗೆ ಹೋಯಿತು. 1973ರಲ್ಲಿ ರಾಜ್ಯವೂ ಮೈಸೂರೆಂಬ ಹೆಸರನ್ನು ಬಿಟ್ಟಿತು. 2011ರ ಗಣತಿಯಲ್ಲಿ ಬೆಂಗಳೂರು ನಗರದ ಜನ ಸುಮಾರು 84 ಲಕ್ಷ, ಮೈಸೂರಿನವರು ಸುಮಾರು 9 ಲಕ್ಷ.

ರಾಜಧನವು 1971ರಲ್ಲಿ ರದ್ದಾಯಿತು. ಆ ಕಾಲದಿಂದ ವಿಜಯದಶಮಿಯ ಜಂಬೂಸವಾರಿಯ ಅಂಬಾರಿಯಲ್ಲಿ ಮಹಾರಾಜರ ಬದಲಾಗಿ ಚಾಮುಂಡೇಶ್ವರಿಯ ವಿಗ್ರಹವು ಕುಳಿತಿರುವುದು. ಆನೆಯು ಅರಮನೆಯ ಅಂಗಳದಿಂದ ಹೊರಡುವ ಮೊದಲು ದೇವಿಗೆ ಪುಷ್ಪಾರ್ಚನೆ ಮಾಡಲು ಮುಖ್ಯಮಂತ್ರಿಗಳು ಬೆಂಗಳೂರಿನಿಂದ ಬರುತ್ತಾರೆ. ಮೆರವಣಿಗೆಯು ಮುಗಿದ ಬಳಿಕ ಹಿಂದಕ್ಕೆ ಹೋಗುತ್ತಾರೆ.