ಅಂಗಳದ ಕಸ ತಿಪ್ಪೆಗೆ ಹೋಗ್ತಿತ್ತು

ದಾವಣಗೆರೆ-ಹರಿಹರ ಸೀಮೆಯಲ್ಲಿ ಅಂಗಳ ಗುಡಿಸೋದೂ ಒಕ್ಕಲುತನದ್ದೇ ಒಂದು ಕೆಲಸ ಆಗಿತ್ತು. ಬೆಳಗಾಗೆದ್ದು ಹೆಣ್ಮಕ್ಕಳು ಕಸ ಹೊಡೆದು ಸಗಣಿನೀರು ಹಾಕೋರು, ಧೂಳು ಕೂರ್ತಿತ್ತು. ಕಸ ತಿಪ್ಪೆಗೆ, ತಿಪ್ಪೆಗೊಬ್ಬರ ಹೊಲಕ್ಕೆ. ಸುಗ್ಗೀಲಿ ಕಣವನ್ನೂ ಹಂಗೇ ಸಾರಿಸಿ ಜೋಳ ಒಕ್ತಿದ್ರು.

1960ರ ದಶಕದಲ್ಲಿ ಭದ್ರಾ ನಾಲೆ ಬಂತು. ನೀರು ಹರಿದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯ್ತು. ಆಮೇಲೆ ಟ್ರ್ಯಾಕ್ಟರ್, ಕೊಯ್ಲು ಮಷೀನು ಬಂದು ಎತ್ತು ಕಮ್ಮಿಯಾದವು. ಎತ್ತಿಲ್ಲದ ಮನೇಲಿ ಸಗಣಿ ಎಲ್ಲಿಂದ? ಅಂಗಳಕ್ಕೆ ಸಿಮೆಂಟು ಬಿತ್ತು.

ಈಗ ಮಳೆಗಾಲಕ್ಕೆ ಪಾಚಿ ಕಟ್ಟಿ ಜಾರುತ್ತೆ. ಬ್ಲೀಚಿಂಗ್ ಪುಡಿ ಹಾಕಿ ಪೈಪ್ ಹಿಡೀತೀವಿ. ಆ ನೀರೂ ಚರಂಡಿಗೆ, ಅಂಗಳಕ್ಕೆ ಬಿದ್ದ ಮಳೆಯೂ ಚರಂಡಿಗೆ.

ಸಿಮೆಂಟು ಕೀಳೋಕಾಗಲ್ಲ. ಗುಡಿಸಿದ ಎಲೆ-ಮಣ್ಣನ್ನಾದ್ರೂ ಗಿಡದ ಬುಡಕ್ಕೆ ಹಾಕ್ರಿ.