ಮೊಟ್ಟೆ ನಿಲ್ಲಿಸಿದ ಹೇಂಟೆ: ಕಾರಣಗಳ ಅಧ್ಯಯನ ನಡೆದುಬಂದ ದಾರಿ

ಕಾಯಿಲೆಯ ಲಕ್ಷಣವಿಲ್ಲದೆ, ಮೇವು ನೀರು ಬಿಡದೆ, ಹಿತ್ತಲಲ್ಲಿ ಕೆದಕಿಕೊಂಡು ಓಡಾಡುವ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸುವುದು ಏಕೆ ಎಂಬ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಸಂಶೋಧನೆಯಿದೆ. ಅದರ ಬಹುಪಾಲು ನಡೆದದ್ದು ಚಳಿ ದೇಶಗಳಲ್ಲಿ, ಮೊಟ್ಟೆಯ ಎಣಿಕೆಯೊಂದನ್ನೇ ಗುರಿಯಾಗಿಟ್ಟುಕೊಂಡ ಫಾರಂ ಕೋಳಿಗಳ ಮೇಲೆ. ಅಲ್ಲಿ ಸಿಕ್ಕ ಉತ್ತರಗಳನ್ನು ಕರ್ನಾಟಕದ ಹಿತ್ತಲಿಗೆ ಹಾಗೆಯೇ ತಂದು ಹೇಳುವುದು ಈಗ ರೂಢಿಯಾಗಿದೆ. ಹೇಂಟೆ ನಿಂತರೆ ಗೂಡಿಗೊಂದು ಬಲ್ಬು ಹಾಕಿ ಎಂಬ ಸಲಹೆ ಇದಕ್ಕೆ ಉದಾಹರಣೆ.

ಯಾವ ಕೋಳಿ ಇಡುತ್ತಿದೆ, ಯಾವುದು ನಿಲ್ಲಿಸಿದೆ ಎಂದು ಖಚಿತವಾಗಿ ತಿಳಿಯಲು ಸಾಧ್ಯವಾದದ್ದು ಹೇಂಟೆ ಒಳಹೊಕ್ಕೊಡನೆ ಬಾಗಿಲು ಮುಚ್ಚಿಕೊಳ್ಳುವ ಟ್ರ್ಯಾಪ್‌ನೆಸ್ಟ್ ಬಂದ ಮೇಲೆ. ಅಮೆರಿಕದ ಮೇನ್ ರಾಜ್ಯದ ಸಂಶೋಧನಾ ಕೇಂದ್ರದಲ್ಲಿ 1898ರಿಂದ ಹೀಗೆ ಒಂದೊಂದು ಕೋಳಿಯ ಲೆಕ್ಕ ಇಡಲಾಯಿತು. ಹೆಚ್ಚು ಮೊಟ್ಟೆಯಿಟ್ಟ ತಾಯಿಯನ್ನು ಆರಿಸಿದ ಮಾತ್ರಕ್ಕೆ ಮಗಳು ಹೆಚ್ಚು ಇಡುವುದಿಲ್ಲ ಎಂದು ರೇಮಂಡ್ ಪರ್ಲ್ ಅಲ್ಲಿಯೇ ತೋರಿಸಿದರು. ಅದೇ ಕಾಲದಲ್ಲಿ ವಾಲ್ಟರ್ ಹೋಗನ್ ಹೇಂಟೆಯ ಹಿಂಬದಿಯ ಎರಡು ಎಲುಬುಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆಯುವ ಪರೀಕ್ಷೆಯನ್ನು ಪ್ರಚಾರಕ್ಕೆ ತಂದರು. ಎರಡು ಮೂರು ಬೆರಳು ಹಿಡಿದರೆ ಮೊಟ್ಟೆಯಿಡುತ್ತಿದೆ, ಒಂದೇ ಬೆರಳು ಹಿಡಿದರೆ ನಿಲ್ಲಿಸಿದೆ ಎಂದು ತಿಳಿಯಬಹುದು. ಹಿತ್ತಲಿಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಬೆಳಕಿನ ಅಧ್ಯಯನ 1920ರ ದಶಕದ್ದು. ಕೆನಡಾದಲ್ಲಿ ವಿಲಿಯಂ ರೋವನ್ ಕೃತಕ ಬೆಳಕಿನಿಂದ ಹಗಲನ್ನು ಉದ್ದಗೊಳಿಸಿ, ನಡುಚಳಿಗಾಲದಲ್ಲೇ ಕಾಡುಹಕ್ಕಿಗಳ ಜನನಾಂಗಗಳು ಬೆಳೆಯುವಂತೆ ಮಾಡಿದರು. ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲಿ ಬಾತುಗಳ ಮೇಲೆ ಪ್ರಯೋಗ ನಡೆಸಿ, ಕಣ್ಣಿನ ನೆರವಿಲ್ಲದೆಯೂ ಮಿದುಳು ಬೆಳಕನ್ನು ಗ್ರಹಿಸುತ್ತದೆ ಎಂದು ತೋರಿಸಿದರು. ಲೇಯರ್ ಫಾರಂಗಳ 16 ಗಂಟೆ ಬೆಳಕಿನ ಪದ್ಧತಿಯ ಬೇರು ಈ ಬಗೆಯ ಸಂಶೋಧನೆಯಲ್ಲಿದೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ಹೇಂಟೆ ನಿಲ್ಲುವುದು ಸಹಜ. ಬೆಂಗಳೂರಿನ ಅತಿ ಕಿರಿದಾದ ಹಗಲಿಗೂ ಅತಿ ದೀರ್ಘ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಬೆಳಕಿಗೆ ಇಲ್ಲಿ ಪಾತ್ರವೇ ಇಲ್ಲವೆಂದಲ್ಲ, ಆದರೆ ಅದನ್ನೇ ಮೊದಲ ಕಾರಣವೆಂದು ಹಿಡಿಯುವುದು ತಪ್ಪು.

ನಾಟಿ ಕೋಳಿಯಲ್ಲಿ ಮೊದಲು ನೋಡಬೇಕಾದದ್ದು ಕಾವು. ಹತ್ತು ಹನ್ನೆರಡು ಮೊಟ್ಟೆಯಿಟ್ಟ ಹೇಂಟೆ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಪುಕ್ಕ ಕೆದರಿ ಗುರುಗುಡುತ್ತ ಕೂರುತ್ತದೆ. ಆಸ್ಕರ್ ರಿಡಲ್ ಮತ್ತು ಸಂಗಡಿಗರು 1935ರಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಚುಚ್ಚಿ, ಮೊಟ್ಟೆಯಿಡುತ್ತಿದ್ದ ಕೋಳಿಗಳನ್ನು ಕಾವಿಗೆ ಕೂರಿಸಿದ್ದು ಈ ಕ್ಷೇತ್ರದ ದೊಡ್ಡ ತಿರುವು. ಈ ಎಳೆ ಹಿಡಿದು ಎಡಿನ್‌ಬರೋದಲ್ಲಿ ಪೀಟರ್ ಶಾರ್ಪ್ ಬಂಟಮ್ ಕೋಳಿಗಳ ಮೇಲೂ, ಮಿನ್ನೆಸೋಟಾದಲ್ಲಿ ಎಲ್ ಹಲವಾನಿ ಟರ್ಕಿಗಳ ಮೇಲೂ ದಶಕಗಳ ಕಾಲ ಕೆಲಸ ಮಾಡಿದರು. ಮಿದುಳಿನಿಂದ ಹೊರಡುವ ವಿಐಪಿ ಎಂಬ ಪೆಪ್ಟೈಡ್ ಪ್ರೊಲ್ಯಾಕ್ಟಿನ್ ಏರಲು ಕಾರಣ. ಅದು ಏರಿದಾಗ ಅಂಡಾಶಯವನ್ನು ನಡೆಸುವ ಹಾರ್ಮೋನುಗಳು ಇಳಿಯುತ್ತವೆ. ಹೊಟ್ಟೆಯ ಬರಿಮೈಗೆ ಮೊಟ್ಟೆ ತಗುಲುತ್ತಿರುವವರೆಗೂ ಈ ಸ್ಥಿತಿ ಉಳಿಯುತ್ತದೆ. ಇಷ್ಟು ಸ್ಪಷ್ಟವಾಗಿ ಬಿಡಿಸಿ ತೋರಿಸಿದ ಕೆಲಸ ಕೋಳಿ ವಿಜ್ಞಾನದಲ್ಲಿ ವಿರಳ. ಮೊಟ್ಟೆಗಳನ್ನು ತೆಗೆದು, ಗೂಡು ತಪ್ಪಿಸಿ, ಹೇಂಟೆಯನ್ನು ತಂಪಾದ ಬೆಳಕಿನ ಜಾಗದಲ್ಲಿ ಕೆಲವು ದಿನ ಇರಿಸಿದರೆ ಕಾವು ಬಿಡುವುದು ಏಕೆಂಬುದೂ ಇದರಿಂದ ಅರ್ಥವಾಗುತ್ತದೆ. ಅಂಡಾಶಯವನ್ನು ನಡೆಸುವ ಹಾರ್ಮೋನುಗಳಿಗೆ ತಡೆಯೊಡ್ಡುವ ಇನ್ನೊಂದು ಪೆಪ್ಟೈಡನ್ನು ಜಪಾನಿನ ಸುತ್ಸುಯಿ ತಂಡ 2000ದಲ್ಲಿ ಕ್ವೇಲ್ ಹಕ್ಕಿಗಳಲ್ಲಿ ಗುರುತಿಸಿತು.

ಪುಕ್ಕ ಉದುರಿಸುವ ಕಾಲದ ವಿರಾಮ ಬೇರೆ ಬಗೆಯದು. ಪುಕ್ಕ ಬಹುಪಾಲು ಪ್ರೋಟೀನೇ ಆದ್ದರಿಂದ ಹೊಸದು ಮೂಡುವ ಎರಡು ಮೂರು ತಿಂಗಳು ದೇಹದ ಗಮನವೆಲ್ಲ ಅತ್ತ ಇರುತ್ತದೆ. ಸುಣ್ಣದಂಶದ ಕೊರತೆಯೂ ಹಾಗೆಯೇ ನಿಲ್ಲಿಸಬಲ್ಲದು: ಫಾರಂ ಕೋಳಿಯ ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಅದು ಮೇವಿನಲ್ಲಿ ಸಿಗದಿದ್ದರೆ ಎಲುಬಿನಿಂದ ಬರಬೇಕು. ಬರೀ ನುಚ್ಚು, ಅಕ್ಕಿ ತಿಂದ ಕೋಳಿಗೆ ಇದು ಬೇಗ ತಟ್ಟುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಹೇಂಟೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಕಡಿಮೆ ಮಾಡುತ್ತದೆ, ಮೊಟ್ಟೆಯೂ ಇಳಿಯುತ್ತದೆ. ಇನ್ನು, ನಿಂತಿತೆಂದು ತಿಳಿದ ಹೇಂಟೆ ಹುಲ್ಲಿನ ಬಣವೆಯಲ್ಲೋ ಬೇಲಿಯ ಮರೆಯಲ್ಲೋ ಗುಟ್ಟಾಗಿ ಇಡುತ್ತಿರುವುದು ಉಂಟು. ಹೋಗನ್ನರ ಬೆರಳಳತೆ ಈ ಅನುಮಾನವನ್ನು ನಿಮಿಷದಲ್ಲಿ ತೀರಿಸುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ, ಹೈದರಾಬಾದಿನ ವನರಾಜ, ನಂತರ ಬಂದ ಸ್ವರ್ಣಧಾರಾ ತಳಿಗಳು ಹಿತ್ತಲಿನ ಮೊಟ್ಟೆಯ ಲೆಕ್ಕವನ್ನು ಹೆಚ್ಚಿಸಿದವು. ಜೊತೆಗೆ ಕಾವಿನ ಗುಣವೂ ಬಹುಮಟ್ಟಿಗೆ ಕುಗ್ಗಿತು. ಮುಂದಿನ ಪೀಳಿಗೆಯ ಮರಿಗಾಗಿ ಸಾಕುವವರು ಮರಿ ಕೇಂದ್ರದ ಬಾಗಿಲಿಗೆ ಹೋಗಬೇಕಾಯಿತು. 21 ದಿನ ಕೂತು ಮರಿ ಮಾಡಿ, ಅವನ್ನು ಹದ್ದು ಕಾಗೆಗಳಿಂದ ಕಾದು ಬೆಳೆಸುವ ನಾಟಿ ಹೇಂಟೆಯ ದುಡಿಮೆ ಮೊಟ್ಟೆಯ ಪಟ್ಟಿಯಲ್ಲಿ ಶೂನ್ಯವೆಂದೇ ದಾಖಲಾಗುತ್ತದೆ. ನಾಟಿ ಹೇಂಟೆ ಯಾವ ತಿಂಗಳಲ್ಲಿ ನಿಲ್ಲಿಸಿತು, ಎಷ್ಟು ದಿನ ಕಾವು ಕೂತಿತು, ಮರಿಗಳಿಂದ ಬೇರ್ಪಟ್ಟು ಎಷ್ಟು ದಿನಕ್ಕೆ ಮತ್ತೆ ಮೊಟ್ಟೆಗೆ ಬಂದಿತು, ಆಗ ಹಿತ್ತಲಲ್ಲಿ ಅದಕ್ಕೆ ಸಿಗುತ್ತಿದ್ದ ಮೇವೇನು ಎಂಬ ದಾಖಲೆಗಳು ಬಯಲುಸೀಮೆ, ಮಲೆನಾಡು, ಕರಾವಳಿಗಳಿಂದ ಬೇರೆಬೇರೆಯಾಗಿ ಬೇಕಿವೆ. ಅದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಮೇನ್‌ನಲ್ಲಿ ಬಳಸಿದಂಥ ಬಾಗಿಲು ಮುಚ್ಚುವ ಗೂಡು ಮತ್ತು ದಿನವೂ ಬರೆದಿಡುವ ಒಂದು ಪುಸ್ತಕ ಸಾಕು.