ಕೂಡ್ಲಿಗಿಯಿಂದ ಕಠ್ಮಂಡುವಿಗೆ: ಕಡಿಮೆ ಖರ್ಚಿನ ವಿದೇಶ ಪ್ರವಾಸದ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು ನನಗೆ ಕೇಳುವ ಪ್ರಶ್ನೆ ಒಂದೇ: 'ಅಣ್ಣಾ, ಫಾರಿನ್ ಟ್ರಿಪ್‌ಗೆ ಎಷ್ಟಾಗುತ್ತೆ?' ಟಿಕೆಟ್ ರೇಟು ಆಮೇಲೆ ನೋಡೋಣ. ಮೊದಲು ನಿಮ್ಮ ಕೈಯಲ್ಲಿ ಯಾವ ಕಾಗದ ಇದೆ ಹೇಳಿ, ದೇಶ ಅದರ ಮೇಲೆ ನಿಂತಿದೆ.

ಶ್ರೀಮಂತ ದೇಶಗಳ ವೀಸಾ ಅರ್ಜಿ ಕೇಳೋದು ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್. ಹತ್ತು ಎಕರೆ ಪಹಣಿ ಇರುವ ಮನೆಯಲ್ಲೂ ಇವು ಸಿಗೋದು ಕಷ್ಟ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ರಿಟರ್ನ್ ಹಾಕುವ ರೂಢಿಯೂ ಇಲ್ಲ. ಯುರೋಪಿನ ಷೆಂಗೆನ್ ವೀಸಾಗೆ 90 ಯೂರೋ ಕಟ್ಟಿ ಅರ್ಜಿ ತಿರಸ್ಕೃತವಾದರೆ ಹಣ ವಾಪಸ್ ಬರಲ್ಲ. ವೀಸಾ ಒಂದು ವರ್ಗದ ಜರಡಿ ಅಂತಲೇ ನನ್ನ ಅಭಿಪ್ರಾಯ. ಜರಡಿ ಹಿಡಿಯದ ದೇಶಗಳಿಂದ ಶುರು ಮಾಡಿ.

ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ, ವೋಟರ್ ಐಡಿ ಸಾಕು. ಆದರೆ 15ರಿಂದ 65 ವರ್ಷದೊಳಗಿನವರ ಆಧಾರ್ ಅಲ್ಲಿ ಪ್ರಯಾಣ ದಾಖಲೆಯಲ್ಲ, ನೆನಪಿರಲಿ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಬಸ್ಸಲ್ಲಿ ಸೋನೌಲಿ ಗಡಿ, ಆಮೇಲೆ ಕಾಲ್ನಡಿಗೆಯಲ್ಲೇ ದೇಶ ದಾಟಬಹುದು. ನಮ್ಮ 100 ರೂಪಾಯಿ ಅಲ್ಲಿಯ 160. ಈ ದರ 1993ರಿಂದ ಹೀಗೇ ಇದೆ. ಕೊಟ್ಟೂರು ತೇರು, ಮೈಲಾರದ ಕಾರ್ಣಿಕ ಮುಗಿಸಿಕೊಂಡು ಮಾರ್ಚ್‌ನಲ್ಲಿ ಹೊರಟರೆ ಹವೆಯೂ ಚೆನ್ನಾಗಿರುತ್ತೆ. ಭೂತಾನ್‌ಗೂ ವೋಟರ್ ಐಡಿ ನಡೆಯುತ್ತೆ. ಆದರೆ ಅದು ಭಾರತೀಯರಿಂದಲೂ ರಾತ್ರಿಗೆ 1,200 ರೂಪಾಯಿ ವಸೂಲಿ ಮಾಡುತ್ತೆ. ಐದು ರಾತ್ರಿಗೆ 6,000, ಊಟ, ರೂಮು ಬೇರೆ.

ಪಾಸ್‌ಪೋರ್ಟ್ ಇದ್ದರೆ ದಾರಿ ದೊಡ್ಡದಾಗುತ್ತೆ. ಮಲೇಷ್ಯಾ 2026ರ ಕೊನೆವರೆಗೆ ನಮಗೆ 30 ದಿನ ವೀಸಾ ಕೇಳಲ್ಲ. ಥಾಯ್ಲೆಂಡ್ 2024ರ ಜುಲೈಯಲ್ಲಿ ವೀಸಾ ಇಲ್ಲದೆ 60 ದಿನ ಬಿಟ್ಟಿತು. ಫಿಲಿಪೀನ್ಸ್ 2025ರ ಜೂನ್‌ನಲ್ಲಿ 14 ದಿನ ಕೊಟ್ಟಿತು. ವಿಯೆಟ್ನಾಂ ಇ-ವೀಸಾ 25 ಡಾಲರ್. ಇವೆಲ್ಲ ಯಾವಾಗ ಬೇಕಾದರೂ ಬದಲಾಗಬಹುದು, ಟಿಕೆಟ್ ತೆಗೆಯುವ ದಿನವೇ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡ್ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ. ವೀಸಾ ಬೇಡ ಅಂದಮಾತ್ರಕ್ಕೆ ಪ್ರಶ್ನೆ ಇಲ್ಲ ಅಂತಲ್ಲ: ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಕೈಯಲ್ಲಿರಲಿ.

36 ಪುಟದ ಪಾಸ್‌ಪೋರ್ಟ್‌ಗೆ ವಯಸ್ಕರಿಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಬಳ್ಳಾರಿಯೋ ದಾವಣಗೆರೆಯೋ, ಎಲ್ಲಿ ಬೇಗ ಸ್ಲಾಟ್ ಸಿಗುತ್ತೋ ಅಲ್ಲಿಗೆ ಹೋಗಿ. ಪೊಲೀಸ್ ವೆರಿಫಿಕೇಶನ್‌ಗೆ ಶುಲ್ಕ ಇಲ್ಲ, ಚಹಾ ಖರ್ಚೂ ಇಲ್ಲ. ಹರಪನಹಳ್ಳಿಯವರಿಗೆ ಒಂದು ಮಾತು: ನಿಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ವಾಪಸ್ ಬಂದು, 2021ರಲ್ಲಿ ವಿಜಯನಗರ ಸೇರಿತು. ಮನೆ ಬದಲಿಸದೆ ಮೂರು ಜಿಲ್ಲೆ! ಆಧಾರ್‌ನಲ್ಲಿ ಹಳೇ ಜಿಲ್ಲೆ ಇದ್ದರೆ ಮೊದಲೇ ತಿದ್ದಿಸಿ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಬೀಳುತ್ತೆ. ಪ್ರವಾಸಕ್ಕೆ ಇದು ಅಡ್ಡಿಯಲ್ಲ. ಕೊಲ್ಲಿ ದೇಶಗಳೂ ಸೇರಿ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಏಜೆಂಟರು ಆಟ ಆಡೋದು ಇಲ್ಲೇ. ಗುಳೆ ಹೋಗಿ ಅಭ್ಯಾಸವಿರುವ ಸೀಮೆ ನಮ್ಮದು. 'ಟೂರಿಸ್ಟ್ ಆಗಿ ಹೋಗು, ಅಲ್ಲಿ ಕೆಲಸ ರೆಡಿ' ಅಂದರೆ ನಂಬುವವರು ಸಿಗ್ತಾರೆ. ಥಾಯ್ಲೆಂಡ್ ದಾರಿಯಲ್ಲಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಿಗೆ ಸಿಕ್ಕಿಬಿದ್ದ ಭಾರತೀಯರನ್ನು 2025ರಲ್ಲಿ ಸರ್ಕಾರವೇ ವಿಮಾನ ಕಳಿಸಿ ಕರೆತಂದಿದೆ. ಕೆಲಸದ ಮಾತು ಬಂದರೆ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಆ ಏಜೆಂಟನ ನೋಂದಣಿ ಇದೆಯಾ ನೋಡಿ.

ಇನ್ನು ದುಡ್ಡು. ವಿದೇಶಿ ಟೂರ್ ಪ್ಯಾಕೇಜ್ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ. ಅದನ್ನು ವಾಪಸ್ ಪಡೆಯಲು ಐಟಿ ರಿಟರ್ನ್ ಹಾಕಲೇಬೇಕು. ಹಾಕದವರಿಗೆ ಅದು ಹೋದ ದುಡ್ಡೇ. ಟಿಕೆಟ್, ರೂಮು ನೀವೇ ಬೇರೆ ಬೇರೆ ಬುಕ್ ಮಾಡೋದು ವಾಸಿ. ಎಂಜಿನಿಯರಿಂಗ್ ಓದಿದ ಚಾಳಿಗೆ ನಾನಂತೂ ಎಕ್ಸೆಲ್ ಶೀಟ್ ಇಟ್ಟೇ ಹೊರಡೋದು, ಅದರಲ್ಲಿ ಮೊದಲ ಸಾಲು ಬೆಂಗಳೂರಿನ ಬಸ್ಸಿಂದು. ಹಡಗಲಿ, ಕೂಡ್ಲಿಗಿಗೆ ರೈಲೇ ಇಲ್ಲ. ಬೆಳಗಿನ ಜಾವದ ವಿಮಾನಕ್ಕೆ ರಾತ್ರಿ ಬಸ್ಸು ನಂಬಬೇಡಿ, ಹಿಂದಿನ ದಿನ ಬೆಳಗ್ಗೆಯೇ ಹೊರಡಿ. ಟೈರ್ ಪಂಕ್ಚರ್ ಆಯ್ತು ಅಂದರೆ ಏರ್‌ಲೈನ್‌ನವರು ಟಿಕೆಟ್ ದುಡ್ಡು ವಾಪಸ್ ಕೊಡಲ್ಲ.